ಬೆಬಿಂಕಾ ಕರಗುವ ಬಗೆ

ಗೋವಾದ ಬೆಬಿಂಕಾಗೆ ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ, ತುಪ್ಪ ಬೇಕು. ಒಂದು ಪದರ ಬೆಂದ ಮೇಲೆಯೇ ಇನ್ನೊಂದನ್ನು ಹೊಯ್ಯಬೇಕು; ಏಳು ಪದರ ಏಳುವಷ್ಟರಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಸಿಹಿಯನ್ನು ಕಟ್ಟುವ ತಾಳ್ಮೆಯಷ್ಟೇ, ಅದನ್ನು ಬಿಡಿಸುವ ದೇಹದ ಕುಶಲತೆಯೂ ಬೆರಗಿನದು.

ಕೊಬ್ಬು ನೀರಿನಲ್ಲಿ ಬೆರೆಯದು. ಜೀರ್ಣರಸಗಳಲ್ಲಿರುವುದೋ ಬಹುಪಾಲು ನೀರೇ. ಈ ತೊಡಕನ್ನು ಬಿಡಿಸುವುದು ಪಿತ್ತರಸ. ಯಕೃತ್ತಿನಲ್ಲಿ ತಯಾರಾಗಿ ಪಿತ್ತಕೋಶದಲ್ಲಿ ಕಾದಿರುವ ಅದು, ಕೊಬ್ಬು ಸಣ್ಣ ಕರುಳಿಗೆ ಇಳಿದ ಸುಳಿವು ಸಿಕ್ಕೊಡನೆ ಸುರಿದು, ತುಪ್ಪದ ದೊಡ್ಡ ಹನಿಗಳನ್ನು ಸೂಕ್ಷ್ಮ ಹನಿಗಳಾಗಿಸುತ್ತದೆ. ಪಾತ್ರೆಯ ಜಿಡ್ಡಿಗೆ ಸೋಪು ಮಾಡುವ ಕೆಲಸವೇ ಇದು. ಆಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಕಿಣ್ವ ಕೊಬ್ಬಿನ ಪ್ರತಿ ಟ್ರೈಗ್ಲಿಸರೈಡ್ ಅಣುವಿನಿಂದ ಎರಡು ಕೊಬ್ಬಿನಾಮ್ಲಗಳನ್ನು ಕತ್ತರಿಸುತ್ತದೆ. ಈ ಗ್ರಂಥಿಯ ಪಾತ್ರವನ್ನು 19ನೇ ಶತಮಾನದ ನಡುವೆ ಮೊಲಗಳಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಕ್ಲೋದ್ ಬರ್ನಾರ್.

ಸೊಗಸು ಇನ್ನೂ ಮುಂದಿದೆ. ತುಪ್ಪದ ಉದ್ದ ಸರಪಳಿಯ ಆಮ್ಲಗಳು ಕರುಳಿನ ಗೋಡೆಯಲ್ಲಿ ಮತ್ತೆ ಜೋಡಣೆಯಾಗಿ, ಪ್ರೋಟೀನಿನ ಹೊದಿಕೆ ತೊಟ್ಟು, ದುಗ್ಧರಸ ನಾಳಗಳಲ್ಲಿ ಸಾಗಿ ಕುತ್ತಿಗೆಯ ಬುಡದಲ್ಲಿ ರಕ್ತ ಸೇರುತ್ತವೆ. ತೆಂಗಿನಲ್ಲಿರುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್‌ನಂಥ ಗಿಡ್ಡ ಆಮ್ಲಗಳಿಗೆ ಈ ಸುತ್ತು ಬೇಡ, ನೇರ ಯಕೃತ್ತಿಗೆ ಹೋಗುತ್ತವೆ. ಹಾಗೆಂದು ತೆಂಗಿನೆಣ್ಣೆಯೆಲ್ಲ ಹಗುರವೆಂದು ಸಾರುವುದು ಸರಿಯಲ್ಲ. ಅದರ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ; ಆ ಆಮ್ಲದ ಬಹುಪಾಲು ಉದ್ದದ ದಾರಿಯನ್ನೇ ಹಿಡಿಯುತ್ತದೆ.

ಇತ್ತ, ಪಿತ್ತರಸದಲ್ಲಿದ್ದು ಕೊಬ್ಬಿನ ಹನಿಗಳನ್ನು ಒಡೆಯಲು ಬಳಕೆಯಾದ ಪಿತ್ತಲವಣಗಳಲ್ಲಿ ಶೇ. 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಯಕೃತ್ತಿಗೆ ಮರಳಿಸುತ್ತದೆ.