ಬೆಳಕಿನ ಪಾಲುದಾರರು

ಕಾವ್ಯ ನಾಟಕ ಸಂಗೀತಗಳಿಗೆ ಸಲ್ಲುವ ವಿಮರ್ಶೆಯು, ಷೇರುಪೇಟೆಯ ಸಣ್ಣ ಹೂಡಿಕೆದಾರರು ತಮ್ಮತಮ್ಮೊಳಗೆ ನಡೆಸುವ ವಿಚಾರವಿನಿಮಯಕ್ಕೂ ಸಲ್ಲತಕ್ಕದ್ದೆಂದು ನಾನು ಭಾವಿಸುತ್ತೇನೆ. ಸಂಬಳದಲ್ಲಿ ಉಳಿಸಿದ ಹಣವನ್ನೋ ನಿವೃತ್ತಿಯ ಕಾಲಕ್ಕೆ ಕೈಸೇರಿದ ಗಂಟನ್ನೋ ಎದುರಿಗಿಟ್ಟುಕೊಂಡು, ಪಂಡಿತರ ಹಂಗಿಲ್ಲದೆ, ಒಂದು ಉದ್ಯಮದ ಭವಿಷ್ಯವನ್ನು ಸ್ವಂತ ಬುದ್ಧಿಯಿಂದಲೇ ಅಳೆಯಹೊರಡುವ ಈ ಜನರ ಮಾತಿನಲ್ಲಿ ಕುತೂಹಲವೂ ಶ್ರಮವೂ ಆಸೆಯೂ ಭಯವೂ ಒಂದರೊಳಗೊಂದು ಬೆರೆತಿರುತ್ತವೆ. ಅನೇಕ ಸಂಸಾರಗಳ ಯೋಗಕ್ಷೇಮವು ಆ ಮಾತಿನ ಗುಣದೋಷಗಳನ್ನು ಅವಲಂಬಿಸಿರುತ್ತದೆ. ಆ ಗುಣವೂ ದೋಷವೂ ಒಟ್ಟಿಗೆ ಸ್ಫುಟವಾಗಿ ಕಾಣುವುದು ಎಲ್ಇಡಿ ದೀಪದ ಉದ್ಯಮವನ್ನು ಕುರಿತ ಚರ್ಚೆಯಲ್ಲಿ. ಆ ಉದ್ಯಮದಲ್ಲಿಯೂ ಅಮೆರಿಕದ ಕ್ರೀ ಎಂಬ ಸಂಸ್ಥೆಯ ಷೇರಿನ ವೃತ್ತಾಂತದಲ್ಲಿ.

ಕ್ರೀ ಸಂಸ್ಥೆಯು 1987ರಲ್ಲಿ ಉತ್ತರ ಕೆರೊಲಿನಾದ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರಿಂದ ಸ್ಥಾಪಿತವಾದುದು. ಸಿಲಿಕಾನ್ ಕಾರ್ಬೈಡ್ ಎಂಬ ಅತಿ ಕಠಿನವಾದ ಸ್ಫಟಿಕವನ್ನು ಬೆಳೆಸುವ ವಿದ್ಯೆಯೇ ಅದರ ನಿಜವಾದ ಮೂಲಧನ. ಆ ಸ್ಫಟಿಕದಿಂದ ಅದು 1989ರಲ್ಲಿ ನೀಲಿ ಬೆಳಕನ್ನು ಸೂಸುವ ಎಲ್ಇಡಿಯನ್ನು ಮಾರಾಟಕ್ಕೆ ತಂದಿತು. 1993ರಲ್ಲಿ ನ್ಯಾಸ್ಡ್ಯಾಕ್ ಪೇಟೆಯಲ್ಲಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ತೆರೆಯಿತು. ನೀಲಿ ಎಲ್ಇಡಿಯ ಮೇಲೆ ಹಳದಿ ಫಾಸ್ಫರಿನ ಲೇಪವನ್ನಿತ್ತರೆ ಶ್ವೇತಪ್ರಕಾಶವು ಲಭಿಸುತ್ತದೆ. ಆದುದರಿಂದ ನೀಲಿಯನ್ನು ಸಾಧಿಸಿದವರು ಮನೆಯ ದೀಪವನ್ನೇ ಸಾಧಿಸಿದಂತೆ. ಗ್ಯಾಲಿಯಂ ನೈಟ್ರೈಡಿನಿಂದ ಉಜ್ಜ್ವಲವಾದ ನೀಲಿಯನ್ನು ಪಡೆದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆತುದು ಈ ಸಾಧನೆಯ ಮಹತ್ತ್ವಕ್ಕೆ ಸಾಕ್ಷಿ.

ಇಂತಹ ಸಂಸ್ಥೆಯ ಷೇರು ಸಾಮಾನ್ಯ ಹೂಡಿಕೆದಾರನ ಮನಸ್ಸನ್ನು ಸೆಳೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಔಷಧದ ಕಂಪನಿಯ ರಸಾಯನವಾಗಲಿ ಬ್ಯಾಂಕಿನ ಸಾಲದ ಲೆಕ್ಕವಾಗಲಿ ಅವನ ಕಣ್ಣಿಗೆ ಬೀಳದು. ದೀಪವಾದರೋ ಅವನ ಕೈಗೆ ಸಿಗುತ್ತದೆ. 2013ರ ಮಾರ್ಚ್ ತಿಂಗಳಲ್ಲಿ ಕ್ರೀ ಸಂಸ್ಥೆಯು ಹತ್ತು ಡಾಲರಿಗಿಂತ ಕಡಮೆ ಬೆಲೆಯ, ಹತ್ತು ವರ್ಷಗಳ ಖಾತರಿಯುಳ್ಳ ಎಲ್ಇಡಿ ಬಲ್ಬನ್ನು ಹೋಮ್ ಡಿಪೋ ಮಳಿಗೆಗಳ ಮೂಲಕ ಮಾರತೊಡಗಿದಾಗ, ಷೇರುದಾರನು ತಾನು ಪಾಲು ಪಡೆದಿರುವ ಉದ್ಯಮದ ಫಲವನ್ನು ತನ್ನ ಮನೆಯ ಹಜಾರದಲ್ಲಿಯೇ ಹೊತ್ತಿಸಿ ನೋಡಬಹುದಾಯಿತು. ವಸ್ತುವನ್ನು ತಾನೇ ಪರೀಕ್ಷಿಸುವುದು, ಅಂಗಡಿಯ ಕಪಾಟುಗಳಲ್ಲಿ ಯಾರ ಸರಕು ಎಷ್ಟಿದೆಯೆಂದು ನೋಡಿಬರುವುದು, ಪ್ರತಿಸ್ಪರ್ಧಿಗಳ ಬೆಲೆಯನ್ನು ಹೋಲಿಸುವುದು, ಕಂಡುದನ್ನು ಅಪರಿಚಿತರೊಡನೆಯೂ ಉಚಿತವಾಗಿ ಹಂಚಿಕೊಳ್ಳುವುದು, ಇವು ಸಣ್ಣ ಹೂಡಿಕೆದಾರರ ಸಂವಾದದ ಶ್ರೇಷ್ಠಗುಣಗಳು. ಸಂಬಳ ಪಡೆಯುವ ವಿಶ್ಲೇಷಕನು ಮೇಜಿನ ಮುಂದೆ ಕುಳಿತು ಊಹಿಸುವುದನ್ನು ಇವರು ಕಾಲ್ನಡೆಯಿಂದ ಅರಿಯುತ್ತಾರೆ. ಫಿಲಿಪ್ ಫಿಶರ್ ಎಂಬ ಅಮೆರಿಕನ್ ಹೂಡಿಕೆದಾರನು 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೂಡಿಕೆಯ ವಿದ್ಯೆಗೆ ತಳಹದಿಯೆಂದು ಎತ್ತಿಹಿಡಿದುದು ಇಂತಹ ವಿಚಾರಣೆಯನ್ನೇ.

ಆದರೆ ಈ ಗುಣದ ಬೆನ್ನಲ್ಲಿಯೇ ಒಂದು ಮಹಾದೋಷವು ಅಡಗಿದೆ. ವಸ್ತುವನ್ನು ಮೆಚ್ಚಿದ ಮನಸ್ಸು, ಆ ಮೆಚ್ಚುಗೆಯನ್ನು ತನಗರಿವಿಲ್ಲದಂತೆಯೇ ಷೇರಿಗೆ ವರ್ಗಾಯಿಸಿಬಿಡುತ್ತದೆ. ದೀಪ ಉತ್ತಮವಾದುದು, ಲೋಕಕ್ಕೆಲ್ಲ ಬೇಕಾದುದು. ಆದುದರಿಂದ ಅದನ್ನು ಮಾಡುವ ಸಂಸ್ಥೆಯ ಷೇರು ಏರಲೇಬೇಕು ಎಂಬ ತರ್ಕವು ಈ ಚರ್ಚೆಗಳ ಅಡಿಯಲ್ಲಿ ನಿರಂತರವಾಗಿ ಹರಿಯುತ್ತಿರುತ್ತದೆ. ದೀಪದಿಂದ ಬರುವ ಲಾಭವು ಯಾರ ಕೈಯಲ್ಲಿ ನಿಲ್ಲುವುದು, ಮಾಡುವವನಲ್ಲಿಯೋ ಮಾರುವವನಲ್ಲಿಯೋ ಕೊಳ್ಳುವವನಲ್ಲಿಯೋ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಎಲ್ಇಡಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವು ಗೂಢವಾಗಿಯೂ ಇರಲಿಲ್ಲ. ರೋಲಂಡ್ ಹೈಟ್ಸ್ ಎಂಬ ತಜ್ಞನ ಹೆಸರಿನಿಂದ ಪ್ರಸಿದ್ಧವಾದ ನಿಯಮದ ಪ್ರಕಾರ, ಪ್ರತಿ ದಶಕದಲ್ಲಿಯೂ ಒಂದೊಂದು ಎಲ್ಇಡಿ ಸೂಸುವ ಬೆಳಕು ಇಪ್ಪತ್ತುಪಟ್ಟು ಏರುವುದು, ಒಂದು ಲ್ಯೂಮೆನ್ ಬೆಳಕಿನ ವೆಚ್ಚವು ಹತ್ತರಲ್ಲೊಂದು ಪಾಲಿಗೆ ಇಳಿಯುವುದು. ಉತ್ಸಾಹಿಗಳು ಈ ನಿಯಮದ ಪೂರ್ವಾರ್ಧವನ್ನು ಏರುವ ಮಾರುಕಟ್ಟೆಯ ಭರವಸೆಯೆಂದು ಓದಿದರು; ತಾನು ಮಾರುವ ಸರಕಿನ ಬೆಲೆ ಹೀಗೆ ಕುಸಿಯುತ್ತಲೇ ಹೋದರೆ ಮಾರುವವನ ಗತಿಯೇನೆಂಬುದನ್ನು ಉತ್ತರಾರ್ಧದಲ್ಲಿ ಓದಲಿಲ್ಲ. 2010ರ ಆಸುಪಾಸಿನಲ್ಲಿ ಚೀನದ ಸ್ಥಳೀಯ ಸರಕಾರಗಳು ಎಲ್ಇಡಿ ಸ್ಫಟಿಕವನ್ನು ಬೆಳೆಸುವ ಯಂತ್ರಗಳ ಖರೀದಿಗೆ ಧಾರಾಳವಾಗಿ ಸಹಾಯಧನವನ್ನಿತ್ತು, ಬೇಡಿಕೆಯನ್ನು ಮೀರಿದ ಉತ್ಪಾದನಾಶಕ್ತಿಯನ್ನು ಸೃಷ್ಟಿಸಿದ ಮೇಲೆ, ಈ ಕುಸಿತವು ಮತ್ತಷ್ಟು ತೀವ್ರವಾಯಿತು.

ಎರಡನೆಯ ದೋಷ ದೀಪದ ಆಯುಸ್ಸಿಗೆ ಸಂಬಂಧಿಸಿದುದು. 1924ರ ಕೊನೆಯಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಹಿರಿಯ ತಯಾರಕರು ಜಿನೀವಾದಲ್ಲಿ ಫೀಬಸ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡು, ತಂತಿಬಲ್ಬಿನ ಆಯುಸ್ಸನ್ನು 1000 ಗಂಟೆಗಳಿಗೆ ಮಿತಗೊಳಿಸಿದರು. ಉರಿದು ಹೋಗುವ ದೀಪವೇ ತಮ್ಮ ಅನ್ನವೆಂಬುದನ್ನು ಅವರು ಬಲ್ಲವರಾಗಿದ್ದರು. ಆ ನಡತೆ ಖಂಡನೀಯವಾದರೂ ಅದರ ಹಿಂದಿನ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. 25,000 ಗಂಟೆಗಳ ಕಾಲ ಬಾಳುವ ಎಲ್ಇಡಿಯನ್ನು ಒಮ್ಮೆ ಕೊಂಡ ಗೃಹಸ್ಥನು ಬಹುಕಾಲ ಅಂಗಡಿಯತ್ತ ಸುಳಿಯನು. ಈ ದೀರ್ಘಾಯುಸ್ಸನ್ನು ಚರ್ಚೆಯಲ್ಲಿ ಭೂಷಣವೆಂದು ಬಣ್ಣಿಸಿದವರು, ಅದೇ ವ್ಯಾಪಾರದ ಮುಂದಿನ ವರ್ಷಗಳನ್ನು ನುಂಗುವ ಗುಣವೂ ಹೌದೆಂಬುದನ್ನು ಗಣಿಸಲಿಲ್ಲ.

ಮೂರನೆಯ ದೋಷ ಬಂಡವಾಳದ ವಿನಿಯೋಗವನ್ನು ಕುರಿತ ಉದಾಸೀನ. 2011ರಲ್ಲಿ ಕ್ರೀ ಸಂಸ್ಥೆಯು ರೂಡ್ ಲೈಟಿಂಗ್ ಎಂಬ ದೀಪಸಾಧನಗಳ ಕಂಪನಿಯನ್ನು ಸುಮಾರು 52.5 ಕೋಟಿ ಡಾಲರುಗಳಿಗೆ ಕೊಂಡಿತು. ಅದರಿಂದ ವಹಿವಾಟು ಹಿಗ್ಗಿತು. ಆದರೆ ಬಿಡಿಭಾಗಗಳ ಮಾರಾಟಕ್ಕಿಂತ ದೀಪಗಳ ಮಾರಾಟದಲ್ಲಿ ಲಾಭಾಂಶವು ಕಡಮೆಯಿತ್ತಲ್ಲದೆ, ತನ್ನಿಂದ ಎಲ್ಇಡಿಯನ್ನು ಕೊಳ್ಳುತ್ತಿದ್ದ ದೀಪತಯಾರಕರೊಡನೆಯೇ ಸಂಸ್ಥೆಯು ಸ್ಪರ್ಧೆಗಿಳಿದಂತಾಯಿತು. 2019ರಲ್ಲಿ ದೀಪೋದ್ಯಮದ ಇಡೀ ವಿಭಾಗವನ್ನು ಐಡಿಯಲ್ ಇಂಡಸ್ಟ್ರೀಸ್ ಸಂಸ್ಥೆಗೆ ಮಾರಿದಾಗ ಅದರ ಮೌಲ್ಯವನ್ನು ಅಂದಾಜಿಸಿದುದು ಸುಮಾರು 31 ಕೋಟಿ ಡಾಲರುಗಳೆಂದು. ಕೊಂಡ ಬೆಲೆಯನ್ನೂ ಮಾರಿದ ಬೆಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮತ್ತಾವ ಭಾಷ್ಯವೂ ಬೇಕಿಲ್ಲ. ಷೇರಿನ ಬೆಲೆಯಾದರೂ 2010ರ ವಸಂತದಲ್ಲಿ 80 ಡಾಲರುಗಳನ್ನು ದಾಟಿ, 2013ರ ಶರತ್ಕಾಲದಲ್ಲಿ ಮತ್ತೆ 70ನ್ನು ಮೀರಿ, 2015ರಲ್ಲಿ 30ಕ್ಕಿಂತ ಕೆಳಗಿಳಿದಿತ್ತು.

ಇಳಿಯುವ ಕಾಲದಲ್ಲಿಯೇ ಸಣ್ಣ ಹೂಡಿಕೆದಾರರ ಭಾಷೆಯು ಅತ್ಯಂತ ದುರ್ಬಲವಾಗುವುದು. ‘ಆವರೇಜ್ ಮಾಡಿ’, ‘ಬಾಟಮ್ ಆಯಿತು’, ‘ಆಪರೇಟರುಗಳು ತುಳಿಯುತ್ತಿದ್ದಾರೆ’, ‘ಲಾಂಗ್ ಟರ್ಮಿಗೆ ಹೋಲ್ಡ್ ಮಾಡಿ’ ಎಂದು ನಮ್ಮವರ ಬಾಯಲ್ಲಿಯೂ ಸದಾ ಕೇಳಿಬರುವ ಮಾತುಗಳು ಒಂದು ಅಭಿಪ್ರಾಯದ ರೂಪವನ್ನು ತಾಳಿದ್ದರೂ ವಸ್ತುತಃ ಸಾಂತ್ವನದ ಮಾತುಗಳು. ಸಂಶಯವನ್ನು ಎತ್ತಿದವನು ಮಿತ್ರನಾಗಿ ಕಾಣದೆ ದ್ರೋಹಿಯಾಗಿ ಕಾಣುತ್ತಾನೆ. ಅವನು ಮೌನವಾದೊಡನೆ ಉಳಿದವರ ಏಕಾಭಿಪ್ರಾಯವೇ ಪ್ರಮಾಣವೆನಿಸುತ್ತದೆ. ಭಿನ್ನಮತವನ್ನು ಸಹಿಸಲಾರದ ಸಭೆಯಲ್ಲಿ ಸತ್ಯಕ್ಕೆ ಪ್ರವೇಶವಿಲ್ಲವೆಂಬ ನ್ಯಾಯವು ರಾಜಕಾರಣಕ್ಕೆ ಹೇಗೋ ಹಣದ ವಿಚಾರಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಇದು ಅಮೆರಿಕದ ಮಾತಾಯಿತೆಂದು ನಾವು ನಿಶ್ಚಿಂತರಾಗುವಂತಿಲ್ಲ. ಕೇಂದ್ರಸರಕಾರವು 2015ರ ಜನವರಿಯಲ್ಲಿ ಆರಂಭಿಸಿದ, ಉಜಾಲಾ ಎಂದು ಪ್ರಸಿದ್ಧವಾದ, ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ ನಡೆದ ಯೋಜನೆಯ ಕಾಲದಲ್ಲಿ, 2014ರಲ್ಲಿ 310 ರೂಪಾಯಿಗಳಷ್ಟಿದ್ದ ಎಲ್ಇಡಿ ಬಲ್ಬಿನ ಸಗಟು ಖರೀದಿಯ ಬೆಲೆಯು 2016ರಲ್ಲಿ 38 ರೂಪಾಯಿಗಳಿಗೆ ಇಳಿಯಿತು. 36 ಕೋಟಿಗೂ ಮಿಕ್ಕಿದ ಬಲ್ಬುಗಳು ಜನರಿಗೆ ಮುಟ್ಟಿದುವು. ಬಡವನ ಮನೆಯ ವಿದ್ಯುತ್ ಬಿಲ್ಲಿನ ದೃಷ್ಟಿಯಿಂದ ಇದು ನಮ್ಮ ಕಾಲದ ಅತ್ಯುತ್ತಮ ಲೋಕೋಪಕಾರಗಳಲ್ಲೊಂದು. ಆದರೆ ಅದೇ ಅಂಕಿಯನ್ನು ತಯಾರಕನ ಷೇರುದಾರನು ಓದಬೇಕಾದ ರೀತಿಯೇ ಬೇರೆ. 2023ರ ಜೂನ್ ತಿಂಗಳಲ್ಲಿ ಇಕಿಯೊ ಲೈಟಿಂಗ್ ಎಂಬ ನೋಯ್ಡಾದ ಸಂಸ್ಥೆಯು 285 ರೂಪಾಯಿಗಳಂತೆ ಷೇರುಗಳನ್ನು ವಿತರಿಸಿದಾಗ, ಪೇಟೆಯಲ್ಲಿ ಮೊದಲ ದಿನವೇ ಅದರ ವಹಿವಾಟು ಸುಮಾರು 390 ರೂಪಾಯಿಗಳಿಂದ ಆರಂಭವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಬೆಲೆಯು ವಿತರಣೆಯ ಬೆಲೆಗಿಂತಲೂ ಕೆಳಗಿಳಿದಿತ್ತು. ಸಂಸ್ಥೆಯ ಆದಾಯದ ಬಹುಭಾಗವು ಸಿಗ್ನಿಫೈ ಎಂಬ ಒಬ್ಬನೇ ಹಿರಿಯ ಗಿರಾಕಿಯಿಂದ ಬರುತ್ತಿರುವುದೆಂಬ ಸಂಗತಿಯು ಅದರ ವಿವರಣಪತ್ರದಲ್ಲಿಯೇ ಪ್ರಕಟವಾಗಿತ್ತು. ಅರ್ಜಿ ಹಾಕುವವರ ಮಾತೆಲ್ಲ, ಪೇಟೆಗೆ ಬರುವ ಮೊದಲೇ ಷೇರಿಗೆ ಅನಧಿಕೃತವಾಗಿ ದೊರೆಯುವ ಹೆಚ್ಚುವರಿ ಬೆಲೆಯಾದ ‘ಗ್ರೇ ಮಾರ್ಕೆಟ್ ಪ್ರೀಮಿಯಂ’ ಎಷ್ಟೆಂಬುದರ ಸುತ್ತಲೇ ತಿರುಗುವ ವಾಡಿಕೆಯಿರುವಾಗ, ವಿವರಣಪತ್ರವನ್ನು ಓದುವ ವ್ಯವಧಾನ ಯಾರಿಗೆ ಉಳಿದೀತು?

ಕ್ರೀ ಸಂಸ್ಥೆಯ ಉತ್ತರಕಥೆಯು ಇದೇ ಪಾಠವನ್ನು ಮತ್ತೊಂದು ವೇಷದಲ್ಲಿ ಹೇಳುತ್ತದೆ. ದೀಪವನ್ನೂ ಎಲ್ಇಡಿಯನ್ನೂ ಕೈಬಿಟ್ಟು, 2021ರಲ್ಲಿ ವುಲ್ಫ್‌ಸ್ಪೀಡ್ ಎಂದು ಹೆಸರನ್ನು ಬದಲಿಸಿಕೊಂಡು, ವಿದ್ಯುದ್ವಾಹನಗಳಿಗೆ ಬೇಕಾದ ಸಿಲಿಕಾನ್ ಕಾರ್ಬೈಡ್ ಚಿಪ್‌ಗಳನ್ನೇ ಅದು ನೆಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಷೇರು 130 ಡಾಲರುಗಳನ್ನು ಮೀರಿತು. ಮತ್ತೆ ಅದೇ ತರ್ಕ: ವಿದ್ಯುದ್ವಾಹನವು ಭವಿಷ್ಯ, ಆದುದರಿಂದ ಷೇರು ಭವಿಷ್ಯ. ಕಾರ್ಖಾನೆಗಳಿಗಾಗಿ ಎತ್ತಿದ ಸಾಲದ ಭಾರವು ತಾಳಲಾರದಂತಾಗಿ, 2025ರ ಜೂನ್ 30ರಂದು ಸಂಸ್ಥೆಯು ದಿವಾಳಿ ಕಾಯಿದೆಯ ರಕ್ಷಣೆಯನ್ನು ಬೇಡಿದಾಗ ಷೇರಿನ ಬೆಲೆ ಒಂದು ಡಾಲರನ್ನೂ ಮುಟ್ಟುತ್ತಿರಲಿಲ್ಲ. ಪುನರ್ವ್ಯವಸ್ಥೆಯ ಯೋಜನೆಯಲ್ಲಿ ಹಳೆಯ ಷೇರುದಾರರೆಲ್ಲರಿಗೂ ಸೇರಿ ಹೊಸ ಸಂಸ್ಥೆಯಲ್ಲಿ ನಿಗದಿಯಾದ ಪಾಲು ಶೇಕಡಾ 3ರಿಂದ 5. ಉಳಿದುದರ ಬಹುಪಾಲು ಸಾಲಕೊಟ್ಟವರದು. ತಂತ್ರಜ್ಞಾನವನ್ನು ಕುರಿತ ಸಣ್ಣ ಹೂಡಿಕೆದಾರರ ನಂಬಿಕೆಯು ಎರಡು ಬಾರಿಯೂ ನಿಜವಾಯಿತು, ಹೂಡಿಕೆಯು ಎರಡು ಬಾರಿಯೂ ಸೋತಿತು.

ಹೀಗೆ ನೋಡಿದಾಗ ಈ ಸಂವಾದವನ್ನು ಕುರಿತ ನನ್ನ ತೀರ್ಮಾನವು ಸ್ಪಷ್ಟವಾಗಿದೆ: ವಸ್ತುವಿನ ಪರೀಕ್ಷೆಯಲ್ಲಿ ಅದು ಶ್ಲಾಘ್ಯ, ವ್ಯಾಪಾರದ ಪರೀಕ್ಷೆಯಲ್ಲಿ ಅಪೂರ್ಣ, ಭಿನ್ನಾಭಿಪ್ರಾಯದ ಸ್ವೀಕಾರದಲ್ಲಿ ಶೋಚನೀಯ. ಆದರೂ ಅದನ್ನು ತ್ಯಜಿಸಬೇಕೆಂದು ನಾನು ಹೇಳಲಾರೆ; ಸಣ್ಣವರು ಒಬ್ಬರೊಡನೊಬ್ಬರು ಮಾತನಾಡದಿದ್ದರೆ ದೊಡ್ಡವರ ಮಾತನ್ನೇ ನಂಬಬೇಕಾಗುತ್ತದೆ. ತಿದ್ದಿಕೊಳ್ಳಬೇಕಾದುದು ಅದರ ಕ್ರಮವನ್ನು. ಯಾವುದೊಂದು ಷೇರಿನ ಹೆಸರು ಚರ್ಚೆಗೆ ಬಂದಾಗಲೂ, ಟಾರ್ಗೆಟ್ ಎಷ್ಟೆಂದು ಕೇಳುವ ಮೊದಲು, ಸರಕಿನ ಬೆಲೆ ಐದು ವರ್ಷಗಳಲ್ಲಿ ಏರಿದೆಯೋ ಇಳಿದಿದೆಯೋ, ಕೊಂಡವನು ಮತ್ತೆ ಯಾವಾಗ ಕೊಳ್ಳುವನು, ಆದಾಯವು ಎಷ್ಟು ಗಿರಾಕಿಗಳಿಂದ ಬರುತ್ತಿದೆ, ಸಾಲವೆಷ್ಟು, ಅದನ್ನು ತೀರಿಸುವ ನಗದು ಎಲ್ಲಿದೆ ಎಂಬ ಪ್ರಶ್ನೆಗಳಿಗೆ ವಾರ್ಷಿಕ ವರದಿಯಿಂದಲೇ ಉತ್ತರವನ್ನು ಹುಡುಕಿ ತರುವ ಶಿಸ್ತು ಬೆಳೆಯಲಿ. ಆ ಷೇರನ್ನು ಕೊಳ್ಳಕೂಡದೆಂದು ವಾದಿಸುವವನಿಗೆ ಮೊದಲು ಮಾತನಾಡುವ ಅವಕಾಶವನ್ನು ಕೊಡಿರಿ. ನಿಮ್ಮ ಉಳಿತಾಯಕ್ಕೆ ಅವನಿಗಿಂತ ಒಳ್ಳೆಯ ಕಾವಲುಗಾರನಿಲ್ಲ.