ಹೊಲ ರೈತನದು, ಮರ ಸರ್ಕಾರದ್ದು

ಟಿಪ್ಪು ಸುಲ್ತಾನ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅವನು ಹೋದ, ಒಡೆಯರು ಮರಳಿದರು, ಬ್ರಿಟಿಷ್ ಕಮಿಷನರುಗಳು ಬಂದುಹೋದರು, ಕೊನೆಗೆ ಪ್ರಜಾಪ್ರಭುತ್ವವೂ ಬಂತು. ಆ ಅಪ್ಪಣೆಯ ತಿರುಳು ಮಾತ್ರ 2001ರವರೆಗೆ ಅಲುಗಲಿಲ್ಲ. ಗಂಧದ ಮರ ಕಾಡಿನಲ್ಲಿರಲಿ, ಹೊಲದ ಬದುವಿನಲ್ಲಿರಲಿ, ಮನೆಯ ಹಿತ್ತಲಲ್ಲಿರಲಿ, ಅದು ದೊರೆಯದು, ಆಮೇಲೆ ಸರ್ಕಾರದ್ದು. ಒಬ್ಬರನ್ನು ಕಂಡರೆ ಒಬ್ಬರಿಗಾಗದ ಆಳರಸರೂ ಅವರ್ಯಾರೂ ಬೇಡವೆಂದ ವಿಧಾನಸಭೆಯೂ ಒಮ್ಮನಸ್ಸಿನಿಂದ ಉಳಿಸಿಕೊಂಡ ಕಾನೂನು ಇದು. ಆದಾಯ ತರುವ ಅಧಿಕಾರವನ್ನು ಯಾರು ತಾನೇ ಬಿಟ್ಟಾರು?

ಹಾಗೆಂದು ಈ ಏಕಸ್ವಾಮ್ಯವನ್ನು ಸಾರಾಸಗಟಾಗಿ ಬೈದು ಕೈತೊಳೆದುಕೊಳ್ಳುವಂತಿಲ್ಲ. ಮೊದಲ ಮಹಾಯುದ್ಧದ ಹೊಡೆತಕ್ಕೆ ಯುರೋಪಿನ ವ್ಯಾಪಾರ ನಿಂತು ಗಂಧದ ಕೊರಡು ಇಲ್ಲೇ ರಾಶಿಬಿದ್ದಾಗ, ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಮೈಸೂರು ಸರ್ಕಾರ 1916ರಲ್ಲಿ ಎಣ್ಣೆ ಕಾರ್ಖಾನೆ ತೆರೆಯಿತು. ಎರಡು ವರ್ಷಕ್ಕೆ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆಯೂ ಬಂತು. ಅಂಥ ಹೊತ್ತಿನಲ್ಲಿ ಯಾವನಾದರೂ ಸಾಹುಕಾರ ಇಷ್ಟು ದೊಡ್ಡ ಗಂಟು ಹೂಡುತ್ತಿದ್ದ ಎಂದು ನನಗನ್ನಿಸುವುದಿಲ್ಲ.

ಅಚ್ಚುಕಟ್ಟಿನಲ್ಲೂ ಕೊರತೆಯಿರಲಿಲ್ಲ. ಗಂಧವನ್ನು ಕಡಿಯುವುದಲ್ಲ, ಬೇರುಸಹಿತ ಅಗೆದು ತೆಗೆಯುವುದು. ಎಣ್ಣೆಯ ಅಂಶ ಬೇರಿನಲ್ಲೇ ಹೆಚ್ಚು. ಅಗೆದ ಮರ ಗಂಧದ ಕೋಠಿಗೆ ಬರಬೇಕು. ಅಲ್ಲಿ ಬಿಳಿಮರ ಹೆರೆದು, ಚೇಗನ್ನು ಉಳಿಸಿ, 18 ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಗಂಟಿಲ್ಲದ ದಪ್ಪ ಕೊರಡು ‘ವಿಲಾಯತ್ ಬುದ್ಧ’, ಅದರ ಕೆಳಗೆ ‘ಚೀನಾ ಬುದ್ಧ’, ಆಮೇಲೆ ‘ಪಂಜಂ’. ಹೀಗೆ ಇಳಿಯುತ್ತಾ ಹೋಗಿ ಚಕ್ಕೆ, ಗರಗಸದ ಪುಡಿಯವರೆಗೂ ಒಂದೊಂದಕ್ಕೆ ಒಂದೊಂದು ಹೆಸರು, ಒಂದೊಂದು ಬೆಲೆ. ಹೊಟ್ಟನ್ನೂ ಲೆಕ್ಕಕ್ಕಿಟ್ಟ ಈ ವ್ಯವಸ್ಥೆಗೆ, ಮರ ಹುಟ್ಟಿದ ನೆಲದವನು ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಆಮೇಲಾಮೇಲೆ ಅವನಿಗೂ ಒಂದು ಪಾಲು ಎಂಬ ಏರ್ಪಾಡು ಬಂತು ನಿಜ. ಪಾಲು ಪಡೆಯುವವನು ಬೇರೆ, ಒಡೆಯ ಬೇರೆ.

ಗಂಧವನ್ನು ಯಾರೂ ನೆಡಬೇಕಿಲ್ಲ. ಹಣ್ಣು ತಿಂದ ಹಕ್ಕಿ ಬದುವಿನ ಮೇಲೆ ಹಿಕ್ಕೆ ಹಾಕಿದರೆ ಸಾಕು, ಹೊಂಗೆಯದೋ ತೊಗರಿಯದೋ ಬೇರಿಗೆ ತನ್ನ ಬೇರು ಕಚ್ಚಿಸಿ ಎದ್ದುಬಿಡುತ್ತದೆ. ಗೇಣುದ್ದದ ಆ ಸಸಿಯನ್ನು ನೋಡಿದ ರೈತನ ತಲೆಯಲ್ಲಿ ಏನು ಓಡೀತು? ಬೆಳೆದರೆ ಸರ್ಕಾರದ ಆಸ್ತಿ. ಕಾಯುವ ಹೊಣೆ ತನ್ನದು. ಕಳುವಾದರೆ ಮೊದಲ ಪ್ರಶ್ನೆ ತನಗೆ, ಮಹಜರಿಗೆ ನಿಲ್ಲುವವನೂ ತಾನೇ. ಎರಡು ಬೆರಳಲ್ಲಿ ಹಿಡಿದು ಕಿತ್ತರೆ ಈ ರಗಳೆಯೇ ಇಲ್ಲ. ಇದು ರೈತನ ದುರಾಸೆಯಲ್ಲ, ಕಾನೂನು ಅವನಿಗೆ ಕಲಿಸಿದ ಜಾಣತನ. ಮರ ಉಳಿಸಲೆಂದು ಇದ್ದ ನಿಯಮ ಸಸಿ ಕೀಳಿಸಿತು.

ಎಲ್ಲ ಪಾಪವನ್ನೂ ಈ ನಿಯಮದ ತಲೆಗೇ ಕಟ್ಟಿದರೆ ಅದೂ ಅನ್ಯಾಯವೇ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗ, ಕಾಡ್ಗಿಚ್ಚು, ದನಕರುಗಳ ಮೇಯುವಿಕೆ ಎಲ್ಲವೂ ಸೇರಿಯೇ ಗಂಧ ಕರಗಿತು. ಕಳೆದ ಶತಮಾನದ ನಡುವಿನವರೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು 4000 ಟನ್ ಸಿಗುತ್ತಿದ್ದ ಚೇಗು ಶತಮಾನ ಮುಗಿಯುವ ಹೊತ್ತಿಗೆ ಅದರ ಸಣ್ಣ ಚೂರಾಗಿತ್ತು. ಆದರೆ ರೋಗ ಬಂದ ಬೆಳೆಯನ್ನು ರೈತ ಮತ್ತೆ ಹಾಕುತ್ತಾನೆ, ತನ್ನದಾಗಿದ್ದರೆ. ಊರವರದಲ್ಲದ ಮರವನ್ನು ಕಾಡುಗಳ್ಳ ವೀರಪ್ಪನ್ ಕಡಿಸುವಾಗ, ಅದನ್ನು ತಡೆದು ಅವರಿಗೆ ಸಿಗುವುದಾದರೂ ಏನಿತ್ತು?

2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಹೊಲದವನೇ ಮರದ ಒಡೆಯನಾದ. ಒಳ್ಳೆಯದೇ. ಆದರೆ ಮಾರಬೇಕಿದ್ದದ್ದು ಅರಣ್ಯ ಇಲಾಖೆಗೆ, ಆಮೇಲೆ ಸಾಬೂನು ನಿಗಮದಂಥ ಸರ್ಕಾರಿ ಸಂಸ್ಥೆಗಳಿಗೆ. ಕೊಳ್ಳುವವನು, ತೂಗುವವನು, ದರ್ಜೆ ಹೇಳುವವನು, ಸಾಗಣೆ ಪರವಾನಗಿ ಕೊಡುವವನು ಎಲ್ಲ ಒಂದೇ ಮನೆಯವರಾದ ಮೇಲೆ ಒಡೆತನವೆಂಬುದು ಪಹಣಿಯ ಒಂದು ಸಾಲಷ್ಟೇ. ಮುಕ್ತ ಮಾರಾಟಕ್ಕೆ ದಾರಿ ಮಾಡುವ ನೀತಿಗೆ ಸಚಿವ ಸಂಪುಟ ಒಪ್ಪಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕುನುನುರ್ರಾದಲ್ಲಿ ನಮ್ಮದೇ ಜಾತಿಯ ಗಂಧ ತೋಟದ ಬೆಳೆಯಾಗಿ ಸಾವಿರಾರು ಎಕರೆಯಲ್ಲಿ ನಿಂತಿತ್ತು.

ಇಷ್ಟು ಹೇಳಿದ ಮೇಲೆ ‘ಸರ್ಕಾರ ಪೂರ್ತಿ ಹಿಂದೆ ಸರಿಯಲಿ’ ಎನ್ನುವವರ ಸಾಲಿಗೆ ನಾನು ಸೇರುತ್ತೇನೆಂದು ಯಾರಾದರೂ ಎಣಿಸಬಹುದು. ಗಂಧ ಹಾಕಿದ ತೋಟಗಳನ್ನು ನೋಡಿದವರು ಹಾಗೆನ್ನಲಾರರು. ತಂತಿಬೇಲಿ, ಕ್ಯಾಮೆರಾ, ನಾಯಿ, ಕಾವಲಿಗೆ ಆಳು. ಕಳ್ಳ ಮೊದಲು ಕಾಂಡಕ್ಕೆ ತೂತು ಕೊರೆದು ಚೇಗು ಕಟ್ಟಿದೆಯೇ ಎಂದು ನೋಡಿಕೊಂಡು ಹೋಗುತ್ತಾನೆ. ಕಟ್ಟಿದ್ದರೆ ಇನ್ನೊಂದು ರಾತ್ರಿ ಗರಗಸದೊಂದಿಗೆ ಬರುತ್ತಾನೆ. ಹದಿನೈದು ವರ್ಷ ಕಾದವನಿಗೆ ಬೆಳಿಗ್ಗೆ ಉಳಿಯುವುದು ಮೋಟು. ಬೆಂಗಳೂರಿನಲ್ಲಿ ಕಾವಲಿರುವ ಬಂಗಲೆಗಳ ಆವರಣದಿಂದಲೇ ಗಂಧ ಕದ್ದೊಯ್ದ ಸುದ್ದಿ ಪದೇ ಪದೇ ಬರುತ್ತದೆ. ಇನ್ನು ಶಿರಾ, ಕಡೂರಿನ ಒಂಟಿಮನೆಯವನ ಗತಿಯೇನು?

ಕೊಳ್ಳುವ ಜಾಗದಲ್ಲಿ, ದರ್ಜೆ ಹೇಳುವ ಜಾಗದಲ್ಲಿ, ಅರ್ಜಿಯ ಮೇಲೆ ಮೊಹರು ಒತ್ತುವ ಜಾಗದಲ್ಲಿ ಸರ್ಕಾರ ತುಂಬಿಕೊಂಡಿದೆ. ರಾತ್ರಿ ಎರಡು ಗಂಟೆಗೆ ತೋಟದ ರಸ್ತೆಯಲ್ಲಿ ಅದಿಲ್ಲ. ಕದ್ದ ಮಾಲು ಕೊಳ್ಳುವ ದಲ್ಲಾಳಿಯ ಬಾಗಿಲಲ್ಲಿ ಅಪರೂಪಕ್ಕೆ ಕಾಣಿಸುತ್ತದೆ. ಗಂಧದ ಮಟ್ಟಿಗಂತೂ ಖರೀದಿಯನ್ನು ವ್ಯಾಪಾರಿಗಳಿಗೆ, ಸಹಕಾರಿ ಸಂಘಗಳಿಗೆ ಬಿಟ್ಟುಕೊಟ್ಟು, ಕಡತ ಹಿಡಿದ ಸಿಬ್ಬಂದಿಯಲ್ಲಿ ಅರ್ಧದಷ್ಟನ್ನಾದರೂ ಗಸ್ತಿಗೂ ಕಳವಿನ ತನಿಖೆಗೂ ಹಾಕಬೇಕು. ಸಂಬಳದ ಖರ್ಚು ಇದರಿಂದ ಒಂದು ರೂಪಾಯಿಯೂ ಕಡಿಮೆಯಾಗಲಿಕ್ಕಿಲ್ಲ.