ಜೂಬಿಲಿ ಗಾಯಕರ ವಿದೇಶಯಾತ್ರೆ: ಆಕರಗ್ರಂಥಗಳ ವಿಮರ್ಶೆ

ಅಮೆರಿಕದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿದ್ಯಾಲಯದ ಜೂಬಿಲಿ ಗಾಯಕವೃಂದವು 1873ರಲ್ಲಿ ಬ್ರಿಟನ್ನಿಗೆ ಕೈಗೊಂಡ ಯಾತ್ರೆ ಕ್ರೈಸ್ತ ಭಕ್ತಿಗಾಯನದ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅದರ ಸಮಕಾಲೀನ ವೃತ್ತಾಂತಗಳಲ್ಲಿ ಗುಸ್ಟೇವಸ್ ಪೈಕ್ ಹಾಗೂ ಜೆ. ಬಿ. ಟಿ. ಮಾರ್ಷ್ ಇವರ ಗ್ರಂಥಗಳು ಮುಖ್ಯವಾದವು. ಈ ಗ್ರಂಥಗಳು ಚರಿತ್ರಕಾರನಿಗೆ ಏನನ್ನು ತಿಳಿಸಬಲ್ಲವು, ಏನನ್ನು ತಿಳಿಸಲಾರವು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ನೀಗ್ರೋ ಜನರ ಶಿಕ್ಷಣಕ್ಕಾಗಿ ಅಮೆರಿಕನ್ ಮಿಷನರಿ ಸಂಘದ ಆಶ್ರಯದಲ್ಲಿ 1866ರಲ್ಲಿ ತೆರೆದ ಈ ಶಾಲೆ ಐದೇ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿತು. ಅದರ ಖಜಾಂಚಿಯೂ ಸಂಗೀತಶಿಕ್ಷಕನೂ ಆಗಿದ್ದ ಜಾರ್ಜ್ ವೈಟ್ 1871ರ ಅಕ್ಟೋಬರಿನಲ್ಲಿ ಒಂಬತ್ತು ಮಂದಿ ಗಾಯಕರೊಡನೆ ಹಣ ಕೂಡಿಸಲು ಹೊರಟನು. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ದಾಸರ ಬಿಡುಗಡೆಗೆ ವಿಧಿಸಿದ ಐವತ್ತನೆಯ ವರ್ಷದ ಹೆಸರನ್ನೇ ವೃಂದಕ್ಕೆ ಇಡಲಾಯಿತು. 1873ರಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಹಾಡಿದ ಈ ವೃಂದ ಬ್ರಿಟನ್ನಿನಿಂದ ಸುಮಾರು 50,000 ಡಾಲರುಗಳನ್ನು ಕೂಡಿಸಿ ತಂದಿತು. ಅದರ ಫಲವಾದ ಜೂಬಿಲಿ ಭವನ 1876ರಲ್ಲಿ ಪ್ರಾರಂಭವಾಯಿತು.

ಪೈಕನ ಎರಡು ಗ್ರಂಥಗಳ ಶೀರ್ಷಿಕೆಗಳನ್ನೇ ಮೊದಲು ನೋಡಬೇಕು. ಒಂದು ಇಪ್ಪತ್ತು ಸಾವಿರ ಡಾಲರುಗಳಿಗಾಗಿ ನಡೆದ ದಂಡಯಾತ್ರೆ, ಇನ್ನೊಂದು ಹತ್ತು ಸಾವಿರ ಪೌಂಡುಗಳಿಗಾಗಿ ನಡೆದ ಗಾನದ ದಂಡಯಾತ್ರೆ. ಎರಡರಲ್ಲಿಯೂ ಮೊತ್ತವೇ ಗುರಿ, ಯುದ್ಧದ ಮಾತೇ ರೂಪಕ. ಪೈಕನು ಸಂಘದ ಪರವಾಗಿ ಯಾತ್ರೆಯ ವ್ಯವಹಾರವನ್ನು ನಿರ್ವಹಿಸಿದವನು. ದಾನಿಗಳನ್ನು ತೃಪ್ತಿಪಡಿಸುವುದು ಅವನ ಕರ್ತವ್ಯವಾಗಿತ್ತು. ಎಷ್ಟು ಹಣ ಬಂದಿತು, ಯಾವ ಗಣ್ಯರು ಬಂದರು ಎಂಬ ವಿಷಯದಲ್ಲಿ ಅವನು ಉಪಯುಕ್ತ ಸಾಕ್ಷಿ. ಹಾಡುಗಾರರ ಅಂತರಂಗದ ವಿಷಯದಲ್ಲಿ ಅವನನ್ನೇ ನೆಚ್ಚುವುದು ಸಾಧುವಲ್ಲ.

ಈ ಕೊರತೆಯನ್ನು ಬೇರೊಂದು ಸಾಕ್ಷ್ಯದಿಂದ ತುಂಬಬೇಕು. ವೃಂದದ ಪಿಯಾನೋವಾದಕಿ ಎಲಾ ಷೆಪರ್ಡ್ ಅನಂತರ ಬರೆದ ನೆನಪುಗಳಂತೆ, ದಾಸ್ಯಕಾಲದ ಹಾಡುಗಳನ್ನು ಸಾರ್ವಜನಿಕರ ಮುಂದೆ ಹಾಡುವ ಯೋಚನೆಯೇ ಗಾಯಕರಿಗೆ ಮೊದಲು ಇರಲಿಲ್ಲ. ಅವು ಹೆತ್ತವರಿಗೆ ಪವಿತ್ರವಾದವು, ಮರೆಯಬೇಕೆಂದಿದ್ದ ಕಾಲಕ್ಕೆ ಸೇರಿದವು. ಯಾತ್ರೆಯ ಮೊದಲ ಕಾರ್ಯಕ್ರಮಗಳಲ್ಲಿ ಪ್ರಧಾನವಾಗಿದ್ದವು ಬಿಳಿಯರ ಪ್ರಚಲಿತ ಗೀತೆಗಳು. ಶ್ರೋತೃಗಳು ಮೆಚ್ಚಿದ್ದರಿಂದ ಮನೆಯೊಳಗಿನ ಪ್ರಾರ್ಥನೆ ವೇದಿಕೆಗೆ ಬಂದಿತು. ಯಶಸ್ಸಿನ ಕಥೆಯಲ್ಲಿ ಈ ಸಂಕೋಚಕ್ಕೆ ಸ್ಥಾನ ಸಿಗುವುದು ಕಷ್ಟ. ಆದರೆ ಚರಿತ್ರೆಗೆ ಇದೇ ಮಹತ್ತ್ವದ ಅಂಶ.

ಹಾಡುಗಳನ್ನು ಸ್ವರಲಿಪಿಗೆ ಇಳಿಸಿದವನು ಥಿಯೊಡರ್ ಸೆವರ್ಡ್. ಸಂಗ್ರಹದ ಅರ್ಧಕ್ಕಿಂತ ಹೆಚ್ಚು ಮಟ್ಟುಗಳಲ್ಲಿ ನಾಲ್ಕನೆಯ ಹಾಗೂ ಏಳನೆಯ ಸ್ವರಗಳಿಲ್ಲವೆಂದು ಅವನು ಮುನ್ನುಡಿಯಲ್ಲಿ ಗುರುತಿಸಿದನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮಧ್ಯಮ ನಿಷಾದಗಳನ್ನು ಬಿಟ್ಟ ಮೋಹನ ರಾಗದ ಸ್ವರಗಳಿವು. ಈ ಅವಲೋಕನ ಬೆಲೆಯುಳ್ಳದ್ದು. ಆದರೆ ಗಮಕವನ್ನು ಬಿಟ್ಟು ಸ್ವರಗಳನ್ನು ಮಾತ್ರ ಬರೆದರೆ ಮೋಹನ ಉಳಿಯುವುದಿಲ್ಲವೆಂಬುದನ್ನು ನಾವು ಬಲ್ಲೆವು. ಸ್ವರಗಳ ನಡುವಿನ ಜಾರುವಿಕೆ, ಕೂಡಿ ಹಾಡುವವರ ಸ್ವತಂತ್ರ ಆರೈಕೆ ಇವನ್ನು ಪಾಶ್ಚಾತ್ಯ ಲಿಪಿ ಹಿಡಿಯಲಾರದು. ಫಿಸ್ಕಿನ ಗಾಯಕರ ಧ್ವನಿ ಮುದ್ರಣಗೊಂಡದ್ದು 1909ರಲ್ಲಿ. ಅವರು ಬೇರೆಯೇ ತಲೆಮಾರಿನವರು. ಆದ್ದರಿಂದ ರಾಣಿಯು ಕೇಳಿದ ಗಾನ ನಮಗೆ ದೊರೆತಿಲ್ಲ. ದೊರೆತಿರುವುದು ಅದರ ಅಸ್ಥಿಪಂಜರ.

ಮಾರ್ಷನು ಗಾಯಕರ ಜೀವನವೃತ್ತಾಂತಗಳನ್ನು ಸೇರಿಸಿದ್ದು ದೊಡ್ಡ ಉಪಕಾರ. ಮಾರಲ್ಪಟ್ಟವರು, ಹಣ ತೆತ್ತು ಬಿಡಿಸಲ್ಪಟ್ಟವರು ಅಲ್ಲಿ ಹೆಸರು ಪಡೆಯುತ್ತಾರೆ. ಆದರೂ ವೃಂದದ ಎಲ್ಲರೂ ದಾಸರಾಗಿದ್ದವರಲ್ಲ; ಫ್ರೆಡರಿಕ್ ಲೌಡಿನ್ ಓಹಾಯೋ ಪ್ರಾಂತದಲ್ಲಿ ಸ್ವತಂತ್ರನಾಗಿಯೇ ಹುಟ್ಟಿದವನು. ಶ್ರೋತೃಗಳು ಬಯಸಿದ್ದು ದಾಸರ ಹಾಡನ್ನು. ಅವರ ಮುಂದೆ ನಿಂತವರು ಶಿಕ್ಷಕರಾಗಹೊರಟ ವಿದ್ಯಾವಂತರು. ನಿರಂತರ ಪ್ರಯಾಣದಿಂದ ಹಲವರ ಆರೋಗ್ಯ ಕೆಟ್ಟಿತು. ಮತ್ತೆ ಯೂರೋಪಿಗೆ ಹೋಗಿ ಹಾಲೆಂಡ್, ಜರ್ಮನಿಗಳಲ್ಲಿ ಹಾಡಿದ ವೃಂದ 1878ರಲ್ಲಿ ಬಳಲಿ ಚದುರಿತು.

ಮುಂದೆ ಲೌಡಿನ್ ತನ್ನದೇ ನಾಯಕತ್ವದಲ್ಲಿ ಆರು ವರ್ಷ ಭೂಮಂಡಲ ಸುತ್ತಿದನು. ಆಸ್ಟ್ರೇಲಿಯಾ, ಭಾರತ, ಜಪಾನುಗಳಲ್ಲಿ ಹಾಡಿಸಿದನು. ಮಾರ್ಷನ ಗ್ರಂಥದ 1892ರ ಆವೃತ್ತಿಗೆ ಆ ಯಾತ್ರೆಯ ವೃತ್ತಾಂತವನ್ನು ಅನುಬಂಧವಾಗಿ ಬರೆದವನೂ ಅವನೇ. ಹಾಡುಗಾರನೇ ಕಥನಕಾರನಾದ ಈ ಅನುಬಂಧ ಮೂಲಗ್ರಂಥದಷ್ಟೇ ಗಮನಕ್ಕೆ ಅರ್ಹ.

ಶಾಲೆ ಉಳಿಯಿತು, ಹಾಡುಗಳು ಲೋಕಕ್ಕೆ ತಿಳಿದವು. ಇವೆರಡನ್ನೂ ಯಾರೂ ಅಲ್ಲಗಳೆಯಲಾರರು. ಫಿಸ್ಕಿನಲ್ಲಿಯೇ ಓದಿದ ಡು ಬಾಯ್ಸ್ 1903ರ ತನ್ನ ಗ್ರಂಥದ ಕೊನೆಯ ಅಧ್ಯಾಯವನ್ನು ಈ ಶೋಕಗೀತೆಗಳಿಗೆ ಮೀಸಲಿಟ್ಟನು. ಆದರೆ ದಾನದ ಲೆಕ್ಕಪತ್ರವನ್ನೇ ಹಾಡಿನ ಚರಿತ್ರೆಯೆಂದು ಓದಿದರೆ, ಹಣ ಕೊಟ್ಟವರು ಚರಿತ್ರೆಯ ಕರ್ತೃಗಳಾಗುತ್ತಾರೆ, ಹಾಡಿದವರು ಅದರ ಸಾಧನಗಳಾಗುತ್ತಾರೆ. ಪೈಕನನ್ನು ಲೆಕ್ಕಕ್ಕೂ ಸೆವರ್ಡನನ್ನು ಮಟ್ಟಿಗೂ ಷೆಪರ್ಡ್, ಲೌಡಿನರನ್ನು ಅರ್ಥಕ್ಕೂ ಆಧಾರವಾಗಿಟ್ಟುಕೊಂಡು ಈ ಯಾತ್ರೆಯನ್ನು ಓದಬೇಕಾಗಿದೆ.